ಹೆಪ್ಪು

ಇಂಡಿಯಿಂದ ಹೊರಟ ಮೊದಲ ಬಸ್ಸಿನಲ್ಲಿ
ತೊಡೆಯ ಮೇಲೆ ಐಸ್ ಡಬ್ಬಿ ಇಟ್ಟುಕೊಂಡು ಕೂತಿದ್ದೆ.
"ಕುಲ್ಫಿ ಏನವ್ವಾ?" ಅಂದಳು ಪಕ್ಕದಾಕೆ.
"ಜೇನುಹುಳ."
ಆಕೆ ಮೊಸರಿನ ಗಡಿಗೆ ಎದೆಗವಚಿಕೊಂಡು
ಕಿಟಕಿಯ ಕಡೆ ಸರಿದಳು.

ಇಪ್ಪತ್ತು ತುಡುವೆ.
ಲಿಂಬಿ ಹೂವಿನಿಂದ ಆಗಷ್ಟೇ ತಿರುಗಿ ಬಂದವು.
ಹುಸೇನಪ್ಪ ಪೆಟ್ಟಿಗೆಯ ಬಾಯಿಗೆ ಕುಕ್ಕರಗಾಲಲ್ಲಿ ಕೂತು
ಭಾರ ಹೊತ್ತವನ್ನೇ ಆರಿಸಿ ಹಿಡಿದುಕೊಟ್ಟ.
ಹೆಂಗ ಗೊತ್ತಾಗತೈತಿ ಅಂದರೆ
"ತುಂಬಿದ ಬಸುರಿ ನಡಿಗಿ ನೋಡೀರಿಲ್ಲೋ? ಹಂಗ."
ಆಮೇಲೆ ಸೀಮೆಸುಣ್ಣದಿಂದ
ಪೆಟ್ಟಿಗೆಯ ಮುಚ್ಚಳದ ಮೇಲೆ ಇಪ್ಪತ್ತು ಗೀಟು ಎಳೆದ.
ಯಾವಾಗಲೂ ಎಳೆಯುತ್ತಾನೆ.
ವಾಪಸ್ ಕೊಡ್ರಿ ಅಂತ ಒಮ್ಮೆಯೂ ಕೇಳಿಲ್ಲ.

ಹುಳಕ್ಕೆ ಹೊಟ್ಟೆ ಎರಡು.
ತನ್ನ ಹಸಿವಿನದು ಒಂದು,
ಮನೆಗೆ ಒಯ್ಯುವ ಚೀಲ ಇನ್ನೊಂದು,
ನಡುವೆ ತಾನೇ ತೆರೆದು ಮುಚ್ಚುವ ಕದ.
ಜೋಳದ ಕಾಳಿನಷ್ಟು ಆ ಚೀಲದಲ್ಲಿ
ಯಾರೋ ಆಗಲೇ ಒಲೆ ಹೂಡಿದ್ದಾರೆ.
ಮಕರಂದ ಹಳಸದಂತೆ ಹಗಲಿರುಳು ಕಾಯುವವರು,
ಸಿಹಿ ಉಂಡು ಹುಳಿ ಬಿಡುವವರು.
ಅವರ ಹೆಸರು ಲ್ಯಾಟಿನ್ನಿನಲ್ಲಿ ಒಂದು ಮೊಳ ಉದ್ದ.
ನಾನು ಹೆಪ್ಪು ಅನ್ನುತ್ತೇನೆ.
ಬಸ್ಸಿನಾಕೆಯ ಗಡಿಗೆಯೊಳಗೂ ಇದ್ದರು
ಇವರ ದೂರದ ಬೀಗರು,
ಅದನ್ನು ಹೇಳೋಣವೆಂದರೆ ಆಕೆ ಆಗಲೇ
ನಿದ್ದೆ ಹೋಗಿದ್ದಳು.

ವಿಜಯಪುರದ ಲ್ಯಾಬಿನಲ್ಲಿ
ನೀಲಗಂಗಾ ಮೇಡಂ ಹುಳಗಳನ್ನು ತಣ್ಣಗೆ ಮಲಗಿಸಿ
ಚಿಮುಟದಲ್ಲಿ ಚೀಲ ಬಿಡಿಸುತ್ತಾರೆ.
ಆ ಹೊತ್ತು ರೇಡಿಯೋ ಬಂದ್ ಇರಬೇಕು,
ಯಾರೂ ಚಹಾ ಕುಡಿಯಬಾರದು.
ಯಾಕೆಂದು ಅವರು ಹೇಳಿಲ್ಲ.

ಗಾಜಿನ ತಟ್ಟೆಯ ತುಂಬ
ನಾಲ್ಕನೇ ವಾರ್ಡಿನ ಗುರುಬಸವ್ವನ ಪಾದದ ಕೀವು
ಅಂಗಳಕ್ಕೆ ಸಗಣಿ ಸಾರಿಸಿದಂತೆ ಸಾರಿಸಿದ್ದೆ.
ಮೂರು ತರಹದ ಇಂಜೆಕ್ಷನ್ ನುಂಗಿ ತೇಗಿದ ಕೀವು ಅದು.
ನಡುವೆ ಹೆಪ್ಪಿನ ಒಂದೇ ಹನಿ.
ಮುಂಜಾನೆ ತೆರೆದು ನೋಡಿದರೆ
ಹನಿಯ ಸುತ್ತ ದುಂಡಗೆ, ಸ್ವಚ್ಛ,
ರಾತ್ರಿ ಯಾರೋ ಬಂದು
ಕಣ ಗುಡಿಸಿ ಹೋಗಿದ್ದರು.

ನಾನು ಕುಣಿದೆ. ಮೇಡಂ ಸ್ಕೇಲು ಇಟ್ಟು ಅಳೆದರು,
ಮತ್ತೆ ಅಳೆದರು. ಹದಿನಾಲ್ಕು ಮಿಲಿಮೀಟರ್.
"ತಟ್ಟಿಯೊಳಗ ಎಲ್ಲಾರೂ ಶೂರರೇ.
ಪಾದ ಅಂದರ ತಟ್ಟಿ ಅಲ್ಲ,
ಅದಕ್ಕ ರಕ್ತ ಐತಿ, ಸಕ್ಕರಿ ಐತಿ,
ಎಪ್ಪತ್ತು ವರ್ಷದ ನಡಿಗಿ ಐತಿ."
ಇಲಿ, ಆಮೇಲೆ ಮೊಲ, ಆಮೇಲೆ ಕಾಗದ,
ಕಾಗದದ ಮೇಲೆ ಕಾಗದ.
ಮನುಷ್ಯರ ಸರದಿ ಬರುವ ಹೊತ್ತಿಗೆ
ಆ ಲಿಂಬಿ ಗಿಡ ಇನ್ನೆಷ್ಟು ಸಲ ಹೂ ಬಿಡಬೇಕೋ.

ಶುಕ್ರವಾರ ಗುರುಬಸವ್ವನ ಎರಡು ಬೆರಳು ತೆಗೆದರು.

ರವಿವಾರ ಹೋದೆ, ಬರಿಗೈಲಿ.
"ನಾನೂ ಜೇನ ಹಚ್ಚೀದ್ನೆವ್ವಾ, ಅಂಗಡಿದು.
ಇರುವಿ ಬಂದ್ವು, ಗುಣ ಬರಲಿಲ್ಲ."
ಬಾಟಲಿಗಿಳಿದು ಹಳತಾದ ಜೇನಿನಲ್ಲಿ
ಅವರು ಉಳಿದಿರುವುದಿಲ್ಲ ಅಂದೆ,
ಹಸಿಜೇನಿನಲ್ಲಿ ಕೆಲವು ವಾರ, ಅಷ್ಟೇ.
"ಯಾರು?"
ಹೇಳಿದೆ. ಹುಳ, ಚೀಲ, ಕದ, ಹೆಪ್ಪು.
ಹಲ್ಲಿಲ್ಲದ ಬಾಯಿ ತೆರೆದುಕೊಂಡೇ ಕೇಳಿದಳು.
"ನನ್ನ ಕೀವು ಇನ್ನೂ ನಿಮ್ಮ ಹಂತ್ಯಾಕ ಐತೇನ?"
ಫ್ರಿಜ್ಜಿನಲ್ಲಿದೆ, ಜೀವಂತ, ನಂಬರು ಹಚ್ಚಿ ಇಟ್ಟಿದ್ದೇವೆ.
"ಅಯ್ಯ, ನಾನು ಇಲ್ಲಿ ಬಿಸಲಾಗ,
ಅದು ಅಲ್ಲಿ ತಂಪಿನಾಗ!"
ನಕ್ಕಳು. ಪಕ್ಕದ ಮಂಚದಾಕೆಯೂ ನಕ್ಕಳು.

ಮೊಬೈಲು ತೆಗೆದು ತಟ್ಟೆಯ ಫೋಟೋ ತೋರಿಸಿದೆ.
ಕಣ್ಣ ಹತ್ತಿರ ಹಿಡಿದಳು, ದೂರ ಹಿಡಿದಳು,
ಹೆಬ್ಬೆಟ್ಟೂ ತೋರುಬೆರಳೂ ಒಟ್ಟಿಗೆ ತಾಗಿ, ಅಗಲಿ,
ಗುಡಿಸಿದ ಕಣ ಬೆಳೆಯಿತು, ಬೆಳೆಯಿತು,
ಪರದೆಯ ಅಂಚಿನಿಂದ ಅಂಚಿಗೆ
ಬರೀ ಬಯಲು.

"ಇಷ್ಟ ಅಗಲ ಆದರ ಸಾಕ ನೋಡವ್ವಾ,"
ಮಂಚದ ಕೆಳಗೆ ಇಣುಕಿದಳು,
"ನಾ ಚಪ್ಪಲಿ ಮೆಟ್ಟತೀನಿ."